ಸೊಂಟಕ್ಕೆ ಒಪ್ಪಿದೆವು, ಕುತ್ತಿಗೆಗೆ ಒಪ್ಪಲಿಲ್ಲ

ಕೈರೋಪ್ರಾಕ್ಟಿಕ್ ಅಂದರೆ ಬೆನ್ನೆಲುಬನ್ನು ಕೈಯಿಂದ ಒತ್ತಿ, ತಿರುಗಿಸಿ ಮಾಡುವ ಚಿಕಿತ್ಸೆ. ಆ ಹೆಸರು ನಮ್ಮ ಮನೆಗೆ ಬಂದದ್ದು ಮಾವನ ಮೊಬೈಲಿನಿಂದ. ಸೊಂಟನೋವಿನ ವಿಡಿಯೋ ಒಂದನ್ನು ನೋಡಿದ್ದೇ ತಡ, ಆಮೇಲೆ ಅವರ ಫೋನಿಗೆ ಬರುವುದೆಲ್ಲ ಅದೇ ಆಯಿತು. ಬಿಳಿ ಕೋಟಿನವರು ಯಾರದೋ ತಲೆ ಹಿಡಿದು ಪಕ್ಕಕ್ಕೆ ತಿರುಗಿಸುತ್ತಾರೆ. ಲಟಲಟ ಸದ್ದು. ಮಲಗಿದವರು ಮೊದಲು ಬೆಚ್ಚುತ್ತಾರೆ, ಆಮೇಲೆ ನಗುತ್ತಾರೆ. ಸದ್ದು ಚೆನ್ನಾಗಿ ಕೇಳಲಿ ಅಂತ ಮೈಕನ್ನು ಬೆನ್ನಿನ ಹತ್ತಿರವೇ ಹಿಡಿದಿರುತ್ತಾರೆ.

"ಇದು ನಮ್ಮ ಉಳುಕು ತೆಗೆಯುವುದೇ ಅಲ್ವಾ? ಹೊಸ ಹೆಸರು ಇಟ್ಟಿದ್ದಾರೆ ಅಷ್ಟೆ" ಎಂದರು ಮಾವ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕದ ಕಡೆ. ಅಡಿಕೆ ತೋಟ. ಮಾವನಿಗೆ ಅರವತ್ತೆಂಟು ದಾಟಿದೆ, ಆದರೂ ಅಂಗಳದಲ್ಲಿ ಒಣಗಿಸಿದ ಅಡಿಕೆಯ ಗೋಣಿಯನ್ನು ಬೇರೆಯವರು ಮುಟ್ಟುವ ಹಾಗಿಲ್ಲ. ಮೋಡ ಕವಿಯಿತು ಅಂತ ಅವಸರದಲ್ಲಿ ಒಂದು ಗೋಣಿ ಎತ್ತಿದರು, ಸೊಂಟ ಹಿಡಿಯಿತು. ಕಾಸರಗೋಡಿನಲ್ಲಿ ಎಲುಬಿನ ಡಾಕ್ಟರರಿಗೆ ತೋರಿಸಿದೆವು. ಅವರು ಕಾಲು ಎತ್ತಿಸಿ ನೋಡಿ, ಎಕ್ಸ್‌ರೇ ಈಗಲೇ ಬೇಡ ಎಂದರು. ಮಾತ್ರೆ ಕೊಟ್ಟು, "ಮಲಗಿಯೇ ಇರಬೇಡಿ, ನಡೆಯಿರಿ, ಆರು ವಾರದಲ್ಲಿ ಸರಿಹೋಗುತ್ತದೆ" ಎಂದರು. ಮಾವನಿಗೆ ಎಕ್ಸ್‌ರೇ ತೆಗೆಯಲಿಲ್ಲ ಎಂಬುದೇ ದೊಡ್ಡ ಅಸಮಾಧಾನ. "ಆರು ವಾರ ತೋಟ ನೋಡುವವರು ಯಾರು?" ಎನ್ನುವುದು ಎರಡನೆಯದು.

ಮೊದಲೆಲ್ಲ ಊರಿನಲ್ಲಿ ಉಳುಕು ತೆಗೆಯುವ ಅಜ್ಜ ಒಬ್ಬರಿದ್ದರು. ಎಣ್ಣೆ ಹಚ್ಚಿ, ತಿಕ್ಕಿ, ಮಾತಾಡಿಸುತ್ತಲೇ ಫಕ್ಕನೆ ಎಳೆಯುತ್ತಿದ್ದರು. ಈಗ ಅವರ ಕೈ ನಡುಗುತ್ತದೆ. ಮಗ ಕೊಲ್ಲಿಯಲ್ಲಿದ್ದಾನೆ, ವಿದ್ಯೆ ಅಲ್ಲಿಗೆ ನಿಂತಿತು. ಕಾಞಂಗಾಡಿನ ಕಡೆ ಕಳರಿ ಗುರುಕ್ಕಳ್, ಅಂದರೆ ಉಳುಕಿಗೂ ಮದ್ದು ಮಾಡುವ ಕಳರಿಪಯಟ್ಟು ಗುರು, ಇದ್ದಾರೆ ಎಂದು ಕೆಲವರು ಹೇಳಿದರು. ಮಾವನಿಗೆ ಮಾತ್ರ ವಿಡಿಯೋದಲ್ಲಿ ಕಂಡದ್ದೇ ಬೇಕು.

ಅದೇ ಹೊತ್ತಿಗೆ ನನಗೆ ಕುತ್ತಿಗೆ ನೋವು. ನಾನು ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಕೆಲಸ ಮಾಡುವವಳು. ಪಿಂಚಣಿಯ ಮಸ್ಟರಿಂಗ್, ಅಂದರೆ ಪಿಂಚಣಿದಾರರು ಬದುಕಿದ್ದಾರೆ ಎಂದು ದಾಖಲಿಸುವ ಕೆಲಸ, ಶುರುವಾದರೆ ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಜನ. ಬಗ್ಗಿದ ಕುತ್ತಿಗೆ ಬಗ್ಗಿದ ಹಾಗೆಯೇ. ಮೊದಲು ಭುಜ ಭಾರವಾಯಿತು, ಆಮೇಲೆ ಬಲಗೈಯ ಹೆಬ್ಬೆರಳು ತೋರುಬೆರಳು ಜೋಮು ಹಿಡಿಯತೊಡಗಿದವು. ನನ್ನದಕ್ಕೆ ಎಕ್ಸ್‌ರೇ ತೆಗೆದರು. "ಸ್ವಲ್ಪ ಸವೆದಿದೆ, ಈ ವಯಸ್ಸಿಗೆ ಇದು ಮಾಮೂಲು, ಫಿಸಿಯೋಥೆರಪಿ ಮಾಡಿ" ಎಂದರು.

ಮಾವ ಕೂಡಲೇ ಲೆಕ್ಕ ಹಾಕಿದರು. "ಹೇಗೂ ಕಾರು ಮಾಡಿಕೊಂಡು ಮಂಗಳೂರಿಗೆ ಹೋಗುತ್ತೇವೆ, ನಿನ್ನದೂ ಒಟ್ಟಿಗೆ ಆಗಲಿ."

ಹೋಗುವ ಮೊದಲು ಓದಬೇಕು ಅನಿಸಿತು. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಆದರೆ ಬೇರೆಯವರ ಫಾರ್ಮಿನಲ್ಲಿ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಓದುವುದೇ ನನ್ನ ಹೊಟ್ಟೆಪಾಡು. ಆ ಅಭ್ಯಾಸ ಇಲ್ಲಿಯೂ ಬಿಡಲಿಲ್ಲ.

ಓದಿದ್ದನ್ನು ರಾತ್ರಿ ಊಟದ ಹೊತ್ತಿಗೆ ಮಾವನಿಗೆ ಹೇಳುತ್ತಿದ್ದೆ. ಶುರುವಿನ ಕಥೆ ಅವರಿಗೆ ಬಹಳ ಇಷ್ಟವಾಯಿತು. 1895, ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಎಂಬ ಊರು. ಡಿ. ಡಿ. ಪಾಮರ್ ಎಂಬವನು ಅಯಸ್ಕಾಂತ ಶಕ್ತಿಯ ಚಿಕಿತ್ಸೆ ಅಂತ ಮಾಡಿಕೊಂಡಿದ್ದ. ಆ ಕಟ್ಟಡ ಗುಡಿಸಲು ಬರುತ್ತಿದ್ದ ಹಾರ್ವಿ ಲಿಲ್ಲಾರ್ಡ್‌ಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಪಾಮರ್ ಅವನ ಬೆನ್ನೆಲುಬಿನ ಒಂದು ಮಣಿಯನ್ನು ಒತ್ತಿದ, ಕಿವಿ ಕೇಳಿಸಿತು ಅಂತ ಹೇಳಿಕೊಂಡ. ಅಲ್ಲಿಗೆ ನಿಲ್ಲಲಿಲ್ಲ. ನೂರರಲ್ಲಿ ತೊಂಬತ್ತೈದು ಕಾಯಿಲೆಗೆ ಬೆನ್ನೆಲುಬಿನ ಮಣಿ ಜಾರಿದ್ದೇ ಕಾರಣ ಅಂದ. 1897ರಲ್ಲಿ ಶಾಲೆಯನ್ನೂ ತೆರೆದ.

"ಕಿವಿ ಕೇಳಿಸಿತಂತಲ್ಲ, ಮತ್ತೆ?" ಎಂದರು ಮಾವ.

"ಕಿವಿಯ ನರ ಬೆನ್ನಿಗೆ ಬರುವುದೇ ಇಲ್ಲ ಮಾವ. ಅದು ತಲೆಬುರುಡೆಯ ಒಳಗೇ ಮೆದುಳಿಗೆ ಹೋಗುತ್ತದೆ."

ಮಾವ ಮಜ್ಜಿಗೆ ಸುರಿದುಕೊಂಡರು. ಉತ್ತರ ಬರಲಿಲ್ಲ.

ಈಗಿನ ಕೈರೋಪ್ರಾಕ್ಟರುಗಳೆಲ್ಲ ಪಾಮರ್ ಹೇಳಿದ್ದನ್ನು ನಂಬುತ್ತಾರೆ ಎಂದಲ್ಲ. ಅವರಲ್ಲೇ ಎರಡು ಪಂಗಡ. ಬೆನ್ನು, ಕುತ್ತಿಗೆ, ಕೀಲಿನ ನೋವಿಗಷ್ಟೇ ನಮ್ಮ ಕೆಲಸ ಎನ್ನುವವರು ಒಂದು ಕಡೆ. ಮಣಿ ಸರಿಮಾಡಿದರೆ ಅಸ್ತಮಾ, ಮಕ್ಕಳ ಕಿವಿನೋವು, ಎಲ್ಲವೂ ಸರಿಹೋಗುತ್ತದೆ ಎನ್ನುವವರು ಇನ್ನೊಂದು ಕಡೆ. ಬ್ರಿಟನ್ನಿನಲ್ಲಿ ಇವರನ್ನು ನೋಡಿಕೊಳ್ಳುವ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್ಲೇ 2010ರಲ್ಲಿ, ಮಣಿ ಜಾರಿ ರೋಗ ಬರುತ್ತದೆ ಎನ್ನಲು ಸಂಶೋಧನೆಯ ಆಧಾರವಿಲ್ಲ ಎಂದು ಹೇಳಿತು. ಅದೇ ವರ್ಷ ಅಲ್ಲಿ ಒಂದು ಮೊಕದ್ದಮೆಯೂ ಮುಗಿಯಿತು. ಮಕ್ಕಳ ಅಸ್ತಮಾ, ಹೊಟ್ಟೆನೋವಿನ ಅಳು ಇವಕ್ಕೆಲ್ಲ ಕೈರೋಪ್ರಾಕ್ಟಿಕ್ ಮಾಡುವುದನ್ನು ಸೈಮನ್ ಸಿಂಗ್ ಎಂಬ ವಿಜ್ಞಾನ ಲೇಖಕ 2008ರಲ್ಲಿ ಪತ್ರಿಕೆಯಲ್ಲಿ ಟೀಕಿಸಿದ್ದರು. ಬ್ರಿಟಿಷ್ ಕೈರೋಪ್ರಾಕ್ಟಿಕ್ ಅಸೋಸಿಯೇಷನ್ ಮಾನನಷ್ಟ ಹೂಡಿತು. ಎರಡು ವರ್ಷ ಎಳೆದಾಡಿ, ಮೇಲಿನ ಕೋರ್ಟು ಸಿಂಗ್ ಪರ ಹೇಳಿದ ಮೇಲೆ ಕೇಸು ಹಿಂತೆಗೆದುಕೊಂಡಿತು.

ಇದನ್ನು ಓದಿ ಇವರದೇ ತಪ್ಪು ಅಂದುಕೊಳ್ಳುವ ಹಾಗೂ ಇಲ್ಲ. ಅಮೆರಿಕದಲ್ಲಿ ಕಥೆ ಉಲ್ಟಾ. ಅಲ್ಲಿನ ವೈದ್ಯರ ಸಂಘ ತನ್ನ ಡಾಕ್ಟರುಗಳಿಗೆ ಕೈರೋಪ್ರಾಕ್ಟರುಗಳ ಜೊತೆ ಸೇರಬೇಡಿ ಎಂದು ಕಟ್ಟಪ್ಪಣೆ ಮಾಡಿತ್ತು. ವಿಲ್ಕ್ ಎಂಬವರೂ ಇನ್ನು ಕೆಲವರೂ 1976ರಲ್ಲಿ ಕೋರ್ಟಿಗೆ ಹೋದರು. 1987ರಲ್ಲಿ ಆ ಬಹಿಷ್ಕಾರ ಕಾನೂನಿಗೆ ವಿರುದ್ಧ ಎಂದು ತೀರ್ಪು ಬಂತು. ಹೊಟ್ಟೆಕಿಚ್ಚು ಎರಡೂ ಕಡೆ ಇದ್ದದ್ದೇ. ಹಾಗಂತ ಕೋರ್ಟಿನಲ್ಲಿ ಗೆದ್ದ ಮಾತ್ರಕ್ಕೆ ಸೊಂಟ ನೆಟ್ಟಗಾಗುವುದಿಲ್ಲವಲ್ಲ. ನನಗೆ ಬೇಕಿದ್ದದ್ದು ಮಾವನ ಸೊಂಟದ ಉತ್ತರ.

ಅದು ಸಿಕ್ಕಿತು. 2017ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ, ಹೊಸದಾಗಿ ಬಂದ ಸೊಂಟನೋವಿಗೆ ಬೆನ್ನೆಲುಬು ಒತ್ತುವ ಚಿಕಿತ್ಸೆ ಕೊಟ್ಟ 26 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ್ದರು. ನೋವನ್ನು 100ರ ಅಳತೆಯಲ್ಲಿ ಅಳೆದರೆ ಸುಮಾರು 10ರಷ್ಟು ಕಡಿಮೆಯಾಗುತ್ತದೆ. ಆರು ವಾರದೊಳಗಿನ ಲೆಕ್ಕ ಇದು. ಅರ್ಧಕ್ಕಿಂತ ಜಾಸ್ತಿ ಜನರಿಗೆ ಒಂದೆರಡು ದಿನ ಮೈಕೈ ನೋವು, ಬಿಗಿತ ಇರುತ್ತದೆ. ಹಳೆಯ ಸೊಂಟನೋವಿನ ಬಗ್ಗೆ 2019ರಲ್ಲಿ 47 ಪ್ರಯೋಗಗಳನ್ನು ನೋಡಿದವರು, ವ್ಯಾಯಾಮದಂಥ ಚಿಕಿತ್ಸೆಯಷ್ಟೇ ಇದೂ ಕೆಲಸ ಮಾಡುತ್ತದೆ ಎಂದರು. ಹೆಚ್ಚಲ್ಲ, ಕಡಿಮೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಕೊನೆಗೆ ಹಳೆಯ ಸೊಂಟನೋವಿಗೆ ಮಾರ್ಗಸೂಚಿ ಹೊರಡಿಸಿದಾಗ, ವ್ಯಾಯಾಮದ ಜೊತೆ ಇದನ್ನೂ ಬಳಸಬಹುದಾದವುಗಳಲ್ಲಿ ಸೇರಿಸಿತು. ಸೊಂಟಕ್ಕೆ ಬೆಲ್ಟ್ ಕಟ್ಟುವುದು, ಭಾರ ಕಟ್ಟಿ ಎಳೆಯುವುದು ಬೇಡ ಎಂದಿತು. ನಮ್ಮ ಕಡೆ ಮೆಡಿಕಲ್ ಶಾಪಿನಲ್ಲಿ ಬೆಲ್ಟ್ ಮಾರುವವರು ಇದನ್ನು ಓದಿರಲಿಕ್ಕಿಲ್ಲ.

ಅಂದರೆ ಮಾವನ ಸೊಂಟಕ್ಕೆ ಸ್ವಲ್ಪ ಉಪಯೋಗ ಆಗಬಹುದು. ವಿಡಿಯೋದಲ್ಲಿ ತೋರಿಸುವಷ್ಟಲ್ಲ. ಹೋಗೋಣ ಎಂದೆ.

ಕುತ್ತಿಗೆಯದ್ದು ಬೇರೆಯೇ ಲೆಕ್ಕ. ಕುತ್ತಿಗೆಯ ಮಣಿಗಳ ಎರಡೂ ಬದಿಯಲ್ಲಿ ಸಣ್ಣ ತೂತುಗಳಿವೆ. ಆ ತೂತುಗಳ ಒಳಗಿನಿಂದ ಒಂದೊಂದು ರಕ್ತನಾಳ ಮೇಲೇರಿ, ಎಲ್ಲಕ್ಕಿಂತ ಮೇಲಿನ ಮಣಿಯ ಹತ್ತಿರ ಸುತ್ತು ಹೊಡೆದು ಮೆದುಳಿನ ಹಿಂಭಾಗಕ್ಕೆ ಹೋಗುತ್ತದೆ. ತಲೆಯನ್ನು ಜೋರಾಗಿ ತಿರುಗಿಸಿದರೆ ಎಳೆತ ಬೀಳುವುದು ಆ ಸುತ್ತಿನಲ್ಲೇ. ನಾಳದ ಒಳಪದರ ಹರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ, ತುಣುಕು ಮೇಲೆ ಹೋಗಿ, ಪಾರ್ಶ್ವವಾಯು ಆಗಬಹುದು. ವಯಸ್ಸಾಗದವರಿಗೆ ಪಾರ್ಶ್ವವಾಯು ಬರುವ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಜಗಳ ಇರುವುದು ಇಲ್ಲಿ. ಕುತ್ತಿಗೆ ತಿರುಗಿಸಿದ್ದರಿಂದಲೇ ಹರಿಯಿತೋ, ಮೊದಲೇ ಹರಿದಿತ್ತೋ? ಕೆನಡಾದ ಒಂಟಾರಿಯೋದಲ್ಲಿ ಇಂಥ ಪಾರ್ಶ್ವವಾಯುವಿನ 818 ಕೇಸುಗಳನ್ನು ಪರಿಶೀಲಿಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೈರೋಪ್ರಾಕ್ಟರ್ ಹತ್ತಿರ ಹೋದವರಲ್ಲಿ ಅಪಾಯ ಹೆಚ್ಚು ಕಂಡಿತು. ಆದರೆ ಮಾಮೂಲಿ ಡಾಕ್ಟರ ಹತ್ತಿರ ಹೋದವರಲ್ಲೂ ಹಾಗೆಯೇ ಕಂಡಿತು. ಡಾಕ್ಟರರೇನು ಕುತ್ತಿಗೆ ತಿರುಗಿಸುವುದಿಲ್ಲವಲ್ಲ. ಹಾಗಾಗಿ ನಾಳ ಮೊದಲೇ ಹರಿದಿರುತ್ತದೆ, ಆ ನೋವಿಗೇ ಜನ ಚಿಕಿತ್ಸೆಗೆ ಹೋಗುತ್ತಾರೆ, ಪಾರ್ಶ್ವವಾಯು ಆಮೇಲೆ ಬರುತ್ತದೆ ಎಂದು ಅವರ ವಾದ. ಅಮೆರಿಕದ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಎಲ್ಲವನ್ನೂ ತೂಗಿ ನೋಡಿ, ಕಾರಣ ಇದೇ ಎಂದು ಸಾಬೀತಾಗಿಲ್ಲ, ಆದರೆ ಸಂಬಂಧ ಕಾಣುತ್ತದೆ, ಕುತ್ತಿಗೆ ಮುಟ್ಟುವ ಮೊದಲು ರೋಗಿಗೆ ಇದನ್ನು ಹೇಳಬೇಕು ಎಂದಿತು.

ಕೈರೋಪ್ರಾಕ್ಟರುಗಳು ಒಂಟಾರಿಯೋ ಅಧ್ಯಯನವನ್ನು ತಮ್ಮ ಪರ ಸಾಕ್ಷಿ ಅಂತ ಹೇಳುತ್ತಾರೆ. ನನಗೆ ಅದು ಹಾಗೆ ಕಾಣಲಿಲ್ಲ. ಅವರ ವಾದವನ್ನೇ ಒಪ್ಪಿಕೊಳ್ಳೋಣ. ಹಾಗಾದರೆ ನಾಳ ಹರಿದವರು ಬರೀ ಕುತ್ತಿಗೆ ನೋವು, ತಲೆನೋವು ಅಂತಲೇ ಬಂದು ಮೇಜಿನ ಮೇಲೆ ಮಲಗುತ್ತಾರೆ ಎಂದಾಯಿತು. ಹೊರಗಿನಿಂದ ಕೈ ಇಟ್ಟು ನೋಡಿದರೆ ಅದು ಗೊತ್ತಾಗುವುದಿಲ್ಲ. ಅಂಥವರ ಕುತ್ತಿಗೆಯನ್ನು ಲಟಕ್ ಅನ್ನಿಸುವುದು ಒಳ್ಳೆಯದಾ?

ಎಷ್ಟು ಜನರಿಗೆ ಒಬ್ಬರಿಗೆ ಹೀಗಾಗುತ್ತದೆ ಎಂದರೆ ಲೆಕ್ಕಗಳು ತಾಳೆಯಾಗುವುದಿಲ್ಲ. ಒಂದರಲ್ಲಿ ಹತ್ತಾರು ಸಾವಿರಕ್ಕೆ ಒಂದು, ಇನ್ನೊಂದರಲ್ಲಿ ಹತ್ತಾರು ಲಕ್ಷಕ್ಕೆ ಒಂದು. ಅಪರೂಪ ಎಂಬುದು ಮಾತ್ರ ಎರಡರಲ್ಲೂ ನಿಜ.

ನನ್ನ ತೀರ್ಮಾನ ಆದದ್ದು ಇನ್ನೊಂದು ಪ್ರಯೋಗ ಓದಿದ ಮೇಲೆ. 2012ರಲ್ಲಿ ಅಮೆರಿಕದಲ್ಲಿ ಕುತ್ತಿಗೆ ನೋವಿನ 272 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಮಾತ್ರೆ, ಒಂದಕ್ಕೆ ಕೈರೋಪ್ರಾಕ್ಟರ್ ಚಿಕಿತ್ಸೆ, ಇನ್ನೊಂದಕ್ಕೆ ಮನೆಯಲ್ಲೇ ಮಾಡುವ ವ್ಯಾಯಾಮ. ಮಾತ್ರೆಗಿಂತ ಕೈರೋಪ್ರಾಕ್ಟಿಕ್ ಮೇಲು ಎಂದು ಬಂತು. ಆದರೆ ಮನೆಯ ವ್ಯಾಯಾಮದವರೂ ಹೆಚ್ಚುಕಡಿಮೆ ಅಷ್ಟೇ ಗುಣವಾಗಿದ್ದರು. ಅದೇ ಫಲ ಸುಮ್ನೆ ಮನೆಯಲ್ಲಿ ಸಿಗುವುದಾದರೆ, ಅಪರೂಪದ್ದೇ ಆದರೂ ಪಾರ್ಶ್ವವಾಯುವಿನ ಅಪಾಯವನ್ನು ನಾನು ಯಾಕೆ ಮೈಮೇಲೆ ಎಳೆದುಕೊಳ್ಳಬೇಕು?

ಕಾರು ಮಾಡಿಕೊಂಡು ಹೊರಟೆವು. ಕುಂಬಳೆಗೆ ಇಳಿದು, ಉಪ್ಪಳ, ಹೊಸಂಗಡಿ, ತಲಪಾಡಿ. ಸೊಂಟನೋವಿನವರಿಗೆ ಬಸ್ಸು ಕಷ್ಟ. ನಮ್ಮವರಿಗೆ ದೊಡ್ಡ ಆಸ್ಪತ್ರೆ ಎಂದರೆ ಇವತ್ತಿಗೂ ಮಂಗಳೂರೇ. 2020ರಲ್ಲಿ ಕೊರೋನಾ ಬಂದು, ಕರ್ನಾಟಕದ ಗಡಿಯಾದ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆಂಬುಲೆನ್ಸೂ ಆಚೆ ಹೋಗಲಾರದೆ ನಿಂತದ್ದನ್ನು ಈ ಕಡೆಯವರು ಮರೆತಿಲ್ಲ. ಮಾವ ಪ್ರತಿ ಸಲ ಅಲ್ಲಿ ದಾಟುವಾಗ ಅದನ್ನು ಹೇಳುತ್ತಾರೆ. ಆ ದಿನವೂ ಹೇಳಿದರು.

ಕ್ಲಿನಿಕ್ ಚೊಕ್ಕಟವಾಗಿತ್ತು. ಗೋಡೆಯ ಮೇಲೆ ಬೆನ್ನೆಲುಬಿನ ದೊಡ್ಡ ಚಿತ್ರ. ಪ್ರತಿ ಮಣಿಯಿಂದ ಒಂದು ಗೆರೆ, ಗೆರೆಯ ತುದಿಗೆ ಒಂದು ರೋಗ. ಒಂದು ಮಣಿಗೆ ತಲೆನೋವು, ಕೆಳಗಿನದಕ್ಕೆ ಅಸ್ತಮಾ, ಇನ್ನೂ ಕೆಳಗೆ ಹೊಟ್ಟೆ ಹುಣ್ಣು, ಮೂತ್ರಕೋಶ. ಪಾಮರ್ ಸತ್ತು ನೂರು ವರ್ಷ ದಾಟಿದೆ, ಗೋಡೆಯಿಂದ ಇಳಿದಿಲ್ಲ. ನಾನು ಅದನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ರಿಸೆಪ್ಷನ್ ಹುಡುಗಿ ಮಾವನ ಕೈಗೆ ಇಂಗ್ಲಿಷಿನ ಒಪ್ಪಿಗೆ ಪತ್ರ ಕೊಟ್ಟು, "ಇಲ್ಲಿ ಒಂದು ಸೈನ್ ಅಜ್ಜ" ಎಂದಳು. ಮಾವ ಪೆನ್ನು ತೆಗೆದೂ ಆಗಿತ್ತು.

"ಚೂರು ಇರಿ ಮಾವ" ಎಂದು ಕಾಗದ ತೆಗೆದುಕೊಂಡೆ. ಮೇಲೆ ಹೆಸರು, ವಿಳಾಸ. ನಡುವೆ ಹಣ ವಾಪಸಿಲ್ಲ ಎಂಬುದು ದಪ್ಪ ಅಕ್ಷರದಲ್ಲಿ. ಕೆಳಗೆ ಒಂದು ಉದ್ದನೆಯ ವಾಕ್ಯ. ಅದರಲ್ಲಿ ಮೈಕೈ ನೋವು, ಬಾವು, ಪಕ್ಕೆಲುಬು ಬಿರುಕು, ಡಿಸ್ಕ್ ತೊಂದರೆ ಎಲ್ಲ ದಾಟಿ ಕೊನೆಗೆ ಪಾರ್ಶ್ವವಾಯು. ಕನ್ನಡದಲ್ಲಿ ಓದಿ ಹೇಳಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಕಾಗದವನ್ನೂ ನನ್ನ ಕಡೆ ಚಾಚಿದರು.

ಚಿಕಿತ್ಸೆ ಕೊಡುವವರು ನಲವತ್ತರ ಒಳಗಿನವರು, ಮಾತು ಮೆದು. ಎಲ್ಲಿ ಕಲಿತಿರಿ ಡಾಕ್ಟ್ರೇ ಎಂದು ಕೇಳಿದೆ. ಫಿಸಿಯೋಥೆರಪಿ ಡಿಗ್ರಿ ಆಗಿದೆ, ಮೇಲಿಂದ ಕೈರೋಪ್ರಾಕ್ಟಿಕ್ ಕೋರ್ಸ್ ಮಾಡಿದ್ದೇನೆ ಎಂದರು. ಎಷ್ಟು ದಿನದ ಕೋರ್ಸು ಎಂದದ್ದಕ್ಕೆ ನಕ್ಕು, ಬಿಡುಬಿಡುವಾಗಿ ಮಾಡಿದ್ದು ಎಂದರು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹಾಕಿಕೊಟ್ಟ ಲೆಕ್ಕದಲ್ಲಿ ಪೂರ್ತಿ ಕೈರೋಪ್ರಾಕ್ಟರ್ ಆಗಲು ಕಡಿಮೆಯೆಂದರೂ 4200 ಗಂಟೆಯ ಪಾಠ ಬೇಕು. ಅಮೆರಿಕದಲ್ಲಿ ಐವತ್ತೂ ರಾಜ್ಯಗಳಲ್ಲಿ ಲೈಸೆನ್ಸ್ ಉಂಟು. ನಮ್ಮ ದೇಶದಲ್ಲಿ ಈ ವಿದ್ಯೆಗೆಂದೇ ಬೇರೆ ಕಾನೂನಿಲ್ಲ. ವಿಡಿಯೋಗಳಲ್ಲಿ ಲಟಲಟ ಮಾಡುವವರಲ್ಲಿ ಯಾರು ಎಷ್ಟು ಕಲಿತವರು ಎಂದು ನೋಡುವವರಿಗೆ ತಿಳಿಯುವುದಿಲ್ಲ.

ಆದರೆ ಇವರು ಕೆಲಸ ಬಲ್ಲವರು ಎಂದು ಅವರ ಪ್ರಶ್ನೆಗಳಿಂದಲೇ ಗೊತ್ತಾಯಿತು. ಮೂತ್ರ ಹಿಡಿದಿಡಲು ಕಷ್ಟವಾಗುತ್ತದಾ? ತೊಡೆಸಂದಿಯಲ್ಲಿ ಮರಗಟ್ಟಿದ ಹಾಗಿದೆಯಾ? ಕಾಲಿನ ಬಲ ಕಡಿಮೆಯಾಗಿದೆಯಾ? ತೂಕ ಇಳಿದಿದೆಯಾ, ಜ್ವರ ಬರುತ್ತದಾ, ಕ್ಯಾನ್ಸರ್ ಆಗಿತ್ತಾ, ಸ್ಟಿರಾಯ್ಡ್ ಮಾತ್ರೆ ತಗೊಂಡದ್ದುಂಟಾ? ಮೊದಲ ಮೂರರಲ್ಲಿ ಒಂದಕ್ಕೆ ಹೌದು ಎಂದಿದ್ದರೂ ಬೆನ್ನು ಒತ್ತುವ ಮಾತೇ ಇಲ್ಲ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೆನ್ನೆಲುಬಿನ ಕೆಳಭಾಗದ ನರಗಳ ಗೊಂಚಲು ಒತ್ತಿಹೋಗಿದ್ದರೆ ತಡವಾದಷ್ಟೂ ಕೆಟ್ಟದು. ಈ ಪ್ರಶ್ನೆಗಳನ್ನು ಕೇಳದೆ ಮೇಜಿಗೆ ಹತ್ತಿಸುವವರ ಹತ್ತಿರ ಯಾರೂ ಹೋಗಬಾರದು.

ಮಾವನನ್ನು ಮಗ್ಗುಲಿಗೆ ಮಲಗಿಸಿದರು. ಮೇಲಿನ ಮೊಣಕಾಲು ಮಡಚಿಸಿ, ಒಂದು ಕೈಯಲ್ಲಿ ಭುಜ ಆಚೆ, ಇನ್ನೊಂದರಲ್ಲಿ ಸೊಂಟ ಈಚೆ. "ಉಸಿರು ಬಿಡಿ ಅಂಕಲ್." ಮಾವ ಬಿಟ್ಟರು. ಒಂದೇ ಒತ್ತು, ಲಟ್ ಎಂದಿತು. ಎದ್ದು ಕೂತ ಮಾವನ ಮುಖ ವಿಡಿಯೋದವರ ಮುಖದ ಹಾಗೆಯೇ ಆಗಿತ್ತು.

"ಎಲುಬು ಜಾಗಕ್ಕೆ ಕೂತಿತು" ಎಂದರು ನನಗೆ. ಕೂತದ್ದೇನಿಲ್ಲ. ಕೀಲಿನೊಳಗೆ ದ್ರವ ಇರುತ್ತದೆ, ಫಕ್ಕನೆ ಎಳೆದಾಗ ಅದರಲ್ಲಿ ಗಾಳಿಯ ಗುಳ್ಳೆ ಹುಟ್ಟುತ್ತದೆ, ಸದ್ದು ಅದರದ್ದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಬೆರಳನ್ನು ಎಂಆರ್‌ಐ ಒಳಗಿಟ್ಟು, ನೆಟಿಗೆ ತೆಗೆಯುವಾಗಲೇ ಚಿತ್ರ ಹಿಡಿದು ತೋರಿಸಿದ್ದಾರೆ. ಅದನ್ನು ಅಲ್ಲಿ ಹೇಳಲಿಲ್ಲ. ಅವರ ಖುಷಿ ಹಾಳು ಮಾಡುವುದು ಯಾಕೆ?

ನನ್ನ ಸರದಿ ಬಂತು. "ಕುತ್ತಿಗೆ ತಿರುಗಿಸುವುದು ಬೇಡ ಡಾಕ್ಟ್ರೇ" ಎಂದೆ.

"ಹೆದರಬೇಡಿ ಮೇಡಂ, ಸಾವಿರಾರು ಜನರಿಗೆ ಮಾಡಿದ್ದೇನೆ. ಒಬ್ಬರಿಗೂ ಏನೂ ಆಗಿಲ್ಲ."

"ಲಕ್ಷಕ್ಕೋ ಹತ್ತು ಲಕ್ಷಕ್ಕೋ ಒಂದು ಆಗುವುದಾದರೆ, ಸಾವಿರಾರು ಜನರಲ್ಲಿ ನಿಮಗೆ ಕಾಣಿಸುವುದು ಹೇಗೆ?"

ಅವರು ಒಂದು ಕ್ಷಣ ಸುಮ್ಮನಾದರು. ಸಿಟ್ಟು ಮಾಡಲಿಲ್ಲ. ತಿರುಗಿಸದೆ ನಿಧಾನವಾಗಿ ಸಡಿಲ ಮಾಡುವ ವಿಧಾನವೂ ಇದೆ, ವ್ಯಾಯಾಮ ತೋರಿಸುತ್ತೇನೆ ಎಂದರು. ಭುಜ, ಮೇಲಿನ ಬೆನ್ನು ಮಾತ್ರ ಒತ್ತಿಸಿಕೊಂಡೆ. ಹೊರಡುವಾಗ ಪ್ಯಾಕೇಜ್ ತಗೊಂಡರೆ ರಿಯಾಯಿತಿ ಎಂದು ಹುಡುಗಿ ಹೇಳಿದಳು. ಗೋಡೆಯ ಚಿತ್ರ, ಪ್ಯಾಕೇಜ್, ಇವೆರಡೂ ನನಗೆ ಹಿಡಿಸಲಿಲ್ಲ. ನೋವು ಕಡಿಮೆಯಾದ ಮೇಲೂ ತಿಂಗಳುಗಟ್ಟಲೆ ಬರಬೇಕು ಎನ್ನುವುದಕ್ಕೆ ಕಾರಣ ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ಬೇಡ ಎಂದೆವು.

ಮಾವನಿಗೆ ಮರುದಿನ ಬೆನ್ನೆಲ್ಲ ನೋವು, ಅದರ ಮರುದಿನ ಹಗುರ. ಆಮೇಲೆ ತೋಟಕ್ಕೆ ಇಳಿದರು. ಅದು ಚಿಕಿತ್ಸೆಯ ಫಲವೋ, ಕಾಸರಗೋಡಿನ ಡಾಕ್ಟರರು ಹೇಳಿದ ಆರು ವಾರ ಹತ್ತಿರ ಬಂದಿತ್ತೋ ಎಂದು ನಮ್ಮ ಮನೆಯಲ್ಲಿ ಇನ್ನೂ ಚರ್ಚೆ ನಡೆಯುತ್ತದೆ. ನಾನು ಊರಲ್ಲೇ ಫಿಸಿಯೋಥೆರಪಿಗೆ ಹೋದೆ. ಗದ್ದ ಹಿಂದಕ್ಕೆ ಎಳೆಯುವುದು, ಹೆಗಲ ಮೂಳೆಗಳನ್ನು ಹತ್ತಿರ ತರುವುದು, ದಿನಾ ಅದೇ. ಕಂಪ್ಯೂಟರಿನ ಕೆಳಗೆ ಹಳೆಯ ರಿಜಿಸ್ಟರುಗಳನ್ನು ಇಟ್ಟು ಎತ್ತರ ಮಾಡಿದೆ. "ಚೇಚಿ, ಆಡಿಟ್ ಬಂದರೆ ಏನು ಮಾಡುತ್ತೀರಿ?" ಎಂದು ಜೊತೆಗೆ ಕೆಲಸ ಮಾಡುವ ಹುಡುಗಿ ನಗುತ್ತಾಳೆ. ಬೆರಳಿನ ಜೋಮು ನಿಧಾನಕ್ಕೆ ಹೋಯಿತು. ಮಸ್ಟರಿಂಗ್ ಬಂದರೆ ಭುಜ ಈಗಲೂ ಬಿಗಿಯುತ್ತದೆ.

ಒಂದು ಬದಲಾವಣೆ ಮಾತ್ರ ಮಾವನದ್ದೇ. ಕ್ಷೌರ ಮುಗಿದ ಮೇಲೆ ತಲೆ ಹಿಡಿದು ಎರಡು ಕಡೆಗೆ ಲಟಕ್ ಮಾಡಿಸಿಕೊಳ್ಳದಿದ್ದರೆ ಅವರಿಗೆ ಕ್ಷೌರವೇ ಪೂರ್ತಿಯಾಗುತ್ತಿರಲಿಲ್ಲ. 2024ರಲ್ಲಿ ಬಳ್ಳಾರಿಯ ಕಡೆಯ ಯುವಕನೊಬ್ಬನಿಗೆ ಸಲೂನಿನಲ್ಲಿ ಹೀಗೆ ಕುತ್ತಿಗೆ ತಿರುಗಿಸಿದ ಮೇಲೆ ಪಾರ್ಶ್ವವಾಯು ಆದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ತೋರಿಸಿದೆ. ಈಗ ಕೂರುವ ಮೊದಲೇ, "ಕುತ್ತಿಗೆ ಮುಟ್ಟಬೇಡ ಮಾರಾಯ" ಎನ್ನುತ್ತಾರೆ.

ಮೊನ್ನೆ ಪಕ್ಕದ ತೋಟದ ಭಟ್ಟರು ಮಂಗಳೂರಿನ ನಂಬರ್ ಕೇಳಲು ಬಂದಿದ್ದರು. ಮಾವ ಖುಷಿಯಿಂದ ಕೊಟ್ಟರು. ವಿಚಾರಿಸಿದರೆ ಅವರಿಗೆ ಸೊಂಟ ಅಲ್ಲ, ಕುತ್ತಿಗೆ. ನಾಲ್ಕು ದಿನದಿಂದ ಒಂದೇ ಬದಿಗೆ, ಹಿಂದೆಂದೂ ಬಾರದಂಥ ನೋವು, ಜೊತೆಗೆ ತಲೆ ತಿರುಗುತ್ತದೆ ಎಂದರು. "ಭಟ್ರೇ, ನಂಬರ್ ಇರಲಿ. ಇವತ್ತೇ ಆಸ್ಪತ್ರೆಗೆ ಹೋಗಿ, ಈ ಮೂರು ಸಂಗತಿಯನ್ನೂ ಹೀಗೆಯೇ ಹೇಳಿ" ಎಂದೆ. ಮಾತು ತೊದಲಿದರೆ, ಎರಡೆರಡು ಕಂಡರೆ, ನಡಿಗೆ ತಪ್ಪಿದರೆ ಒಂದು ನಿಮಿಷ ಕಾಯಬೇಡಿ ಎಂದೂ ಸೇರಿಸಿದೆ. ಮಾವನೇ ಅಂಗಿ ಹಾಕಿಕೊಂಡು ಅವರ ಜೊತೆ ಹೊರಟರು. ಸ್ಕ್ಯಾನ್ ಮಾಡಿಸಿದರು, ನಾಳ ಸರಿ ಇದೆಯಂತೆ. ಈಗ ಭಟ್ಟರೂ ಗದ್ದ ಹಿಂದಕ್ಕೆ ಎಳೆಯುತ್ತಿದ್ದಾರೆ, ಫೀಸು ಎಷ್ಟಾಯಿತು ಎಂದು ನನ್ನನ್ನೇ ಬೈಯುತ್ತಾ.